ಓದುಗರ ಪ್ರಶ್ನೆ: 1559ಕ್ಕೆ ಪೈಥಾನ್ ಯಾಕೆ ನಿಂತಿತು?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು. ‘ಅಪ್‌ಡೇಟ್ ಮಾಡಿದೆ, ಕೆಟ್ಟಿತು’ ಅಂತ ಒಬ್ಬರು. ‘ಅಪ್‌ಡೇಟ್ ಮಾಡಿಲ್ಲ, ಕೆಡುತ್ತಾ?’ ಅಂತ ಇನ್ನೊಬ್ಬರು. ಕಲಬುರಗಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ 19 ವರ್ಷ ಇನ್‌ಸ್ಟ್ರಕ್ಟರ್ ಆಗಿದ್ದವನು ನಾನು. ಎರಡೂ ಗೋಳು ಉಂಡಿದ್ದೇನೆ. ಅದಕ್ಕೇ ಪ್ರಿಂಟರ್, ಮೊಬೈಲ್ ಪ್ರಶ್ನೆಗಳೆಲ್ಲ ಮುಂದಿನ ಸಲಕ್ಕೆ ಇರಲಿ. ಈ ಸಲ ಪೈಥಾನ್, ಪಿಎಚ್‌ಪಿ ಅನ್ನುವ ಪ್ರೋಗ್ರಾಂ ಬರೆಯುವ ಭಾಷೆಗಳ ಅಪ್‌ಡೇಟ್ ಮಾತು.

ಪ್ರಶ್ನೆ: ಸರ್, ನಮ್ಮ ಲ್ಯಾಬ್‌ನ ಹಳೆ ಕಂಪ್ಯೂಟರಿನಲ್ಲಿ ಪೈಥಾನ್ ಪ್ರೋಗ್ರಾಂ ಬರೆದು 2000ದ ಫ್ಯಾಕ್ಟೋರಿಯಲ್ (1ರಿಂದ 2000ದವರೆಗಿನ ಸಂಖ್ಯೆಗಳನ್ನೆಲ್ಲ ಗುಣಿಸಿದ್ದು) ಪ್ರಿಂಟ್ ಮಾಡಿದೆ. ಸಲೀಸಾಗಿ ಬಂತು. ಅದೇ ಪ್ರೋಗ್ರಾಂ ಮನೆಯ ಲ್ಯಾಪ್‌ಟಾಪಿನಲ್ಲಿ ವ್ಯಾಲ್ಯೂ ಎರರ್ ಕೊಡುತ್ತದೆ. 4300 ಅಂಕಿಯ ಮಿತಿ ಮೀರಿದೆ ಅನ್ನುತ್ತದೆ. ಹೊಸ ಪೈಥಾನ್‌ನಲ್ಲೇ ಬಗ್ ಇದೆಯಾ? ಹಳೆಯದನ್ನೇ ಹಾಕಿಕೊಳ್ಳಲಾ?
— ಬಿಸಿಎ ವಿದ್ಯಾರ್ಥಿನಿ, ಬೀದರ್

ಉತ್ತರ: ಹಾಕಿಕೊಳ್ಳಬೇಡ ತಂಗಿ. ನಿನ್ನ ಲ್ಯಾಪ್‌ಟಾಪ್ ಸರಿಯಾಗಿದೆ. ಸೋರುತ್ತಿರುವುದು ಲ್ಯಾಬ್‌ನ ಕಂಪ್ಯೂಟರ್.

ಪತ್ರ ಓದಿದ ರಾತ್ರಿ ನಾನೂ ಕೂತು ಲೆಕ್ಕ ಹಾಕಿದೆ. 1558ರ ಫ್ಯಾಕ್ಟೋರಿಯಲ್‌ನಲ್ಲಿ ಸರಿಯಾಗಿ 4300 ಅಂಕಿ. ಅದು ಪ್ರಿಂಟ್ ಆಗುತ್ತದೆ. 1559ಕ್ಕೆ 4303 ಅಂಕಿ. ಅಲ್ಲಿಗೆ ಪೈಥಾನ್ ಕೈ ಎತ್ತುತ್ತದೆ. ನಿನ್ನ 2000ಕ್ಕಂತೂ 5736 ಅಂಕಿ. ಆದರೆ ಗಮನಿಸು, ಗುಣಾಕಾರ ಮಾಡುವಾಗ ಎರರ್ ಬರಲಿಲ್ಲ, ಪ್ರಿಂಟ್ ಮಾಡುವಾಗ ಬಂತು. ಲೆಕ್ಕಕ್ಕೆ ತಡೆಯೇ ಇಲ್ಲ. ಒಳಗೆ ಎರಡರ ಲೆಕ್ಕದಲ್ಲಿ ಇಟ್ಟುಕೊಂಡ ಸಂಖ್ಯೆಯನ್ನು ನಮ್ಮ ಹತ್ತರ ಲೆಕ್ಕಕ್ಕೆ ಬದಲಿಸಿ ಅಕ್ಷರ ಮಾಡುತ್ತದಲ್ಲ, ತಡೆ ಅಲ್ಲಿದೆ. ಅಕ್ಷರದಿಂದ ಸಂಖ್ಯೆ ಮಾಡುವಾಗಲೂ ಇದೆ.

ಯಾಕೆ ಅಂದರೆ, ಈ ಬದಲಾವಣೆ ಬಲು ನಿಧಾನದ ಕೆಲಸ. ಅಂಕಿ ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟು. ಅಂಕಿ ಹತ್ತು ಪಟ್ಟಾದರೆ ಕೆಲಸ ನೂರು ಪಟ್ಟು. ನಿನ್ನ ಲ್ಯಾಪ್‌ಟಾಪಿನಲ್ಲಿ ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಒಂದು ವೆಬ್‌ಸೈಟ್ ‘ನಿಮ್ಮ ವಯಸ್ಸು ಬರೆಯಿರಿ’ ಅಂತ ಕೇಳುತ್ತದೆ ಅಂದುಕೋ. ಒಬ್ಬ ಕಿಡಿಗೇಡಿ 25 ಅಂತ ಬರೆಯುವ ಬದಲು ಹತ್ತು ಲಕ್ಷ ಅಂಕಿಯ ಸಂಖ್ಯೆ ಕಳಿಸುತ್ತಾನೆ. ಸರ್ವರ್ ಪಾಪ, ಅದನ್ನೇ ಉರುಳಿಸುತ್ತಾ ಕೂರುತ್ತದೆ. ಇಂಥ ಹತ್ತಿಪ್ಪತ್ತು ಒಟ್ಟಿಗೆ ಬಂದರೆ ಉಳಿದವರ್ಯಾರಿಗೂ ಪುಟ ತೆರೆಯುವುದಿಲ್ಲ. ಏನನ್ನೂ ಕದಿಯದೆ ಅಂಗಡಿ ಬಾಗಿಲು ಮುಚ್ಚಿಸಿದ ಹಾಗೆ.

ಈ ದೋಷಕ್ಕೆ ಸಿವಿಇ-2020-10735 ಅಂತ ನಂಬರ್. ರಿಪೇರಿ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಪೈಥಾನ್‌ನ 3.10.7, 3.9.14, 3.8.14, 3.7.14, ಈ ನಾಲ್ಕು ಆವೃತ್ತಿಗಳಿಗೂ ಒಂದೇ ಸಲಕ್ಕೆ ಹಾಕಿದರು. ಸಣ್ಣ ಅಪ್‌ಡೇಟ್ ಅಂದರೆ ಓಡುವ ಪ್ರೋಗ್ರಾಂ ಮುರಿಯಬಾರದು ಅನ್ನುವುದು ಮಾತು. ಇಲ್ಲಿ ಬೇಕಂತಲೇ ಮುರಿದರು. ದೊಡ್ಡ ಸಂಖ್ಯೆಗಳ ಜೊತೆ ಆಡುವ ಗಣಿತದ ಜನ ಗೊಣಗಿದ್ದೂ ಹೌದು. ನನಗೂ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಈಗ ನನಗನ್ನಿಸುವುದು, ಅವರು ಮಾಡಿದ್ದು ಸರಿ. ಫ್ಯಾಕ್ಟೋರಿಯಲ್ ಪ್ರಿಂಟ್ ಮಾಡುವವರು ಒಂದು ಸಾಲು ಜಾಸ್ತಿ ಬರೆದರೆ ಆಯ್ತು. ಸರ್ವರ್ ನಡೆಸುವವರಿಗೆ ಬೇರೆ ಸುಲಭದ ದಾರಿ ಇರಲಿಲ್ಲ.

ಆ ಒಂದು ಸಾಲು ಯಾವುದು ಅಂತ ಎರರ್ ಮೆಸೇಜಿನ ಕೊನೆಯಲ್ಲೇ ಇರುತ್ತದೆ. ನಾವು ಅರ್ಧ ಓದಿ ಕಿಟಕಿ ಮುಚ್ಚುತ್ತೇವೆ, ಅಲ್ವಾ? ಸಿಸ್ ಮಾಡ್ಯೂಲಿನ ಒಂದು ಫಂಕ್ಷನ್ ಅದು. 10000 ಅಂತ ಕೊಟ್ಟರೆ ಮಿತಿ ಅಷ್ಟಕ್ಕೆ ಏರುತ್ತದೆ, ಸೊನ್ನೆ ಕೊಟ್ಟರೆ ಮಿತಿಯೇ ಹೋಗುತ್ತದೆ. ನಿನ್ನ ಅಭ್ಯಾಸದ ಪ್ರೋಗ್ರಾಂನಲ್ಲಿ ಧಾರಾಳವಾಗಿ ಹಾಕಿಕೋ. ಹೊರಗಿನವರು ಡೇಟಾ ತುಂಬುವ ಪ್ರೋಗ್ರಾಂನಲ್ಲಿ ಮಾತ್ರ ಬೇಡ.

ಇನ್ನೊಂದು. ಲ್ಯಾಬ್‌ನಲ್ಲಿ 2000 ಪ್ರಿಂಟ್ ಆಯಿತು ಅಂದೆಯಲ್ಲ. ಯಾರೂ ಬೇಕಂತಲೇ ಮಿತಿ ತೆಗೆದಿಲ್ಲ ಅಂದರೆ, ಆ ಕಂಪ್ಯೂಟರಿನ ಪೈಥಾನ್ 2022ರ ಸೆಪ್ಟೆಂಬರ್‌ಗಿಂತ ಹಿಂದಿನದು. ನಿಮ್ಮ ಸರ್‌ಗೆ ಮೆಲ್ಲಗೆ ಹೇಳು. ಎಲ್ಲರ ಮುಂದೆ ಹೇಳಬೇಡ. ನಾನೂ ಆ ಕುರ್ಚಿಯಲ್ಲಿ ಕೂತವನು.

ಪ್ರಶ್ನೆ: ಪೈಥಾನ್ ಆವೃತ್ತಿಗಳಲ್ಲಿ 3.9 ದೊಡ್ಡದೋ 3.10 ದೊಡ್ಡದೋ? ಗಣಿತದ ಪ್ರಕಾರ 3.9 ಅಲ್ಲವೇ?
— ಪ್ರೌಢಶಾಲೆ ಶಿಕ್ಷಕರು, ಸೇಡಂ

ಉತ್ತರ: ಗುರುಗಳೇ, ಅದು ದಶಮಾಂಶ ಅಲ್ಲ. ಚುಕ್ಕಿ ಇರುವುದು ಬರೀ ಅಡ್ಡಗೋಡೆಗೆ. ಮೂರನೆಯ ಪೈಥಾನ್‌ನ ಒಂಬತ್ತನೆಯದು, ಆಮೇಲೆ ಹತ್ತನೆಯದು. ಚುಕ್ಕಿಯಾದ ಮೇಲೆ ಇನ್ನೊಂದು ಅಂಕಿ ಬರುತ್ತದೆ ನೋಡಿ, 3.10.7ರ 7, ಅದು ಬರೀ ದುರಸ್ತಿಯ ಲೆಕ್ಕ. ಮಿರಗದ ಮಳೆಗೆ ಮುಂಚೆ ಹಳ್ಳಿಯಲ್ಲಿ ಮಾಳಿಗೆ ಮೇಲೆ ಕರಲು ಮಣ್ಣು ಹಾಕಿಸುತ್ತಾರಲ್ಲ, ಹಾಗೆ. ಹೊಸ ಕೋಣೆ ಬರುವುದಿಲ್ಲ, ಸೋರುವುದು ನಿಲ್ಲುತ್ತದೆ. ನಡುವಿನ ಅಂಕಿ ಬದಲಾದರೆ ಮಾತ್ರ ಒಳಗೆ ಗೋಡೆ ಸರಿದಿರಬಹುದು. ನಮ್ಮ ಜನ ಉಲ್ಟಾ ಮಾಡುತ್ತಾರೆ. ನಡುವಿನ ಅಂಕಿಗೆ ಹಾರುತ್ತಾರೆ, ಕೊನೆಯ ಅಂಕಿಯನ್ನು ಕಣ್ಣೆತ್ತಿ ನೋಡುವುದಿಲ್ಲ.

ಪ್ರಶ್ನೆ: ಅಣ್ಣಾರೆ, ಗಂಜ್‌ನಲ್ಲಿ ನಮ್ಮದು ಅಡತಿ ಅಂಗಡಿ. ಅಕ್ಕನ ಮಗ ಐದಾರು ವರ್ಷದ ಹಿಂದೆ ಪಿಎಚ್‌ಪಿಯಲ್ಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟ. ಅದನ್ನು ಓಡಿಸಲು ವಿಂಡೋಸ್ ಮೇಲೆ ಝ್ಯಾಂಪ್ ಅನ್ನುವ ಸಾಫ್ಟ್‌ವೇರ್ ಹಾಕಿದ್ದಾನೆ. ಈಗ ಹೈದರಾಬಾದಿನಿಂದ ಫೋನ್ ಮಾಡಿ ‘ಮಾಮಾ, ಪಿಎಚ್‌ಪಿ 7.4 ಮುಗಿದುಹೋಗಿದೆ, ಬದಲಾಯಿಸಬೇಕು’ ಅನ್ನುತ್ತಾನೆ. ಇಲ್ಲಿ ದಿನಾ ಓಡುತ್ತಿದೆ. ಮುಗಿದದ್ದು ಓಡುತ್ತದೆಯೇ? ಮನೆಯಿಂದ ಮೊಬೈಲಿನಲ್ಲಿ ತೊಗರಿ ಸ್ಟಾಕ್ ನೋಡಲು ರೌಟರ್‌ನಲ್ಲೂ ಏನೋ ತೆರೆದುಕೊಟ್ಟಿದ್ದಾನೆ.
— ಅಡತಿ ವ್ಯಾಪಾರಿ, ಕಲಬುರಗಿ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಎದೆ ಝಲ್ಲೆನಿಸಿದ್ದು ಕೊನೆಯ ಸಾಲು. ರೌಟರ್‌ನಲ್ಲಿ ತೆರೆದದ್ದನ್ನು ಇವತ್ತೇ ಮುಚ್ಚಿಸಿ ಅಣ್ಣಾರೆ. ಉಳಿದದ್ದಕ್ಕೆ ಸಮಯ ಇದೆ.

ಮುಗಿದದ್ದು ಅಂದರೆ ನಿಂತದ್ದು ಅಲ್ಲ. ದುರಸ್ತಿ ಮಾಡುವವರು ಹೋದರು ಅಂತ. 7.4ಕ್ಕೆ 2022ರ ನವೆಂಬರ್ 28ರಂದು ಕೊನೆ. ಆಮೇಲೆ ಎಂಥ ತೂತು ಸಿಕ್ಕರೂ ಅದನ್ನು ಬರೆದವರು ಅದಕ್ಕೆ ತೇಪೆ ಕೊಡುವುದಿಲ್ಲ.

ತೂತು ಸಿಕ್ಕೂ ಸಿಕ್ಕಿತು. 2024ರ ಜೂನ್‌ನಲ್ಲಿ ಒಂದು ದೊಡ್ಡದು, ಸಿವಿಇ-2024-4577. ವಿಂಡೋಸ್ ಮೇಲೆ ಸಿಜಿಐ ರೀತಿಯಲ್ಲಿ (ವೆಬ್ ಸರ್ವರ್ ಪ್ರತಿ ಕೋರಿಕೆಗೂ ಪಿಎಚ್‌ಪಿಯನ್ನು ಬೇರೆ ಪ್ರೋಗ್ರಾಂ ಆಗಿ ಕರೆಯುವ ರೀತಿ) ಓಡುವ ಪಿಎಚ್‌ಪಿಯದು. ಝ್ಯಾಂಪ್ ಅನ್ನು ಏನೂ ಬದಲಿಸದೆ ಇದ್ದ ಹಾಗೇ ಹಾಕಿಕೊಂಡರೂ ಅದರಲ್ಲಿ ಈ ತೂತು ಇರುತ್ತಿತ್ತು. ಅದರ ಕಥೆ ಮಜವಾಗಿದೆ. 2012ರಲ್ಲೇ ಇಂಥದೊಂದು ತೂತು ಮುಚ್ಚಿದ್ದರು: ವೆಬ್ ವಿಳಾಸದಲ್ಲಿ ಅಡ್ಡಗೆರೆ ಹಾಕಿ ಪಿಎಚ್‌ಪಿಗೆ ನೇರ ಆಜ್ಞೆ ಕೊಡುವುದು. ಅಡ್ಡಗೆರೆ ಬಂದರೆ ಒಳಗೆ ಬಿಡಬೇಡ ಅಂತ ಕಾವಲು ಇಟ್ಟರು. ಆದರೆ ಅಡ್ಡಗೆರೆಯಂಥದೇ ಇನ್ನೊಂದು ಚಿಹ್ನೆ ಇದೆ, ಸಾಫ್ಟ್ ಹೈಫನ್ ಅಂತ. ಕಾವಲುಗಾರ ಅದನ್ನು ಬೇರೆ ಅಂದುಕೊಂಡು ಬಿಟ್ಟ. ಒಳಗೆ ಹೋದ ಮೇಲೆ ವಿಂಡೋಸ್ ‘ಇದು ಹೆಚ್ಚುಕಮ್ಮಿ ಅಡ್ಡಗೆರೆಯೇ’ ಅಂತ ಅದನ್ನು ನಿಜವಾದ ಅಡ್ಡಗೆರೆ ಮಾಡಿಬಿಟ್ಟಿತು. ಹನ್ನೆರಡು ವರ್ಷದ ಕಾವಲು ಅಲ್ಲಿಗೆ ಹೋಯಿತು. 8.1.29, 8.2.20, 8.3.8ರಲ್ಲಿ ಸರಿ ಮಾಡಿದರು. ಕೆಲವೇ ದಿನದಲ್ಲಿ ರ‍್ಯಾನ್ಸಮ್‌ವೇರ್‌ನವರು ಅದೇ ದಾರಿ ಹಿಡಿದರು. ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವವರು. 7.4 ಇಟ್ಟುಕೊಂಡವರಿಗೆ ತೇಪೆಯೇ ಬರಲಿಲ್ಲ.

ಹೆದರಿಸಲು ಹೇಳುತ್ತಿಲ್ಲ. ಖಚಿತವಾಗಿ ತೋರಿಸಿದ್ದು ಚೀನೀ, ಜಪಾನಿ ಭಾಷೆಗೆ ಹೊಂದಿಸಿದ ವಿಂಡೋಸ್‌ಗಳಲ್ಲಿ. ನಿಮ್ಮ ಕಂಪ್ಯೂಟರ್ ಅಂಗಡಿಯೊಳಗೇ ಇದ್ದು, ಹೊರಗಿನಿಂದ ಯಾರೂ ಮುಟ್ಟಲಾಗದಿದ್ದರೆ ಅಪಾಯ ಬಹಳ ಕಮ್ಮಿ. ಅದಕ್ಕೇ ಮೊದಲು ರೌಟರ್ ಅಂದೆ. ಸ್ಟಾಕ್ ತಿಳಿಯಬೇಕಾದರೆ ಮುನೀಮರಿಗೆ ಫೋನ್ ಮಾಡಿ, ಸದ್ಯಕ್ಕೆ.

ಆದರೆ ಅಳಿಯನಿಗೆ ಒಂದು ಮಾತು ಮುಟ್ಟಿಸಿ. 7.4ರಿಂದ 8ಕ್ಕೆ ಹೋಗುವುದು ಮಾಳಿಗೆಗೆ ಮಣ್ಣು ಹಾಕುವ ಕೆಲಸ ಅಲ್ಲ, ಅದು ಮನೆ ಬದಲಾಯಿಸುವ ಕೆಲಸ. 7.4ರಲ್ಲಿ ಸೊನ್ನೆಯೂ ಖಾಲಿ ಬಿಟ್ಟ ಜಾಗವೂ ಎರಡು ಸಮ ಚಿಹ್ನೆ ಹಾಕಿ ಹೋಲಿಸಿದರೆ ಒಂದೇ. 8ರಲ್ಲಿ ಬೇರೆ ಬೇರೆ. ರೈತರ ಬಾಕಿ ಬರೆಯುವ ಡಬ್ಬಿಯನ್ನು ನಿಮ್ಮವರು ಖಾಲಿ ಬಿಡುವ ರೂಢಿ ಇದ್ದರೆ, ಪ್ರೋಗ್ರಾಂ ಇಷ್ಟು ದಿನ ‘ಬಾಕಿ ಇಲ್ಲ’ ಅನ್ನುತ್ತಿದ್ದದ್ದು ನಾಳೆ ಬೇರೆ ದಾರಿ ಹಿಡಿಯಬಹುದು. ಎರರ್ ಕೂಡ ಬರುವುದಿಲ್ಲ. ಸುಮ್ನೆ ಲೆಕ್ಕ ತಪ್ಪುತ್ತದೆ. ಹಾಗಾಗಿ ತೊಗರಿ ಆವಕ ಇಳಿದ ಮೇಲೆ ಮಾಡಿ. ಹಳೆಯ ಕಂಪ್ಯೂಟರ್ ಹಾಗೇ ಇರಲಿ. ಇನ್ನೊಂದರಲ್ಲಿ ಹೊಸದನ್ನು ಹಾಕಿ, ಕಳೆದ ತಿಂಗಳ ಪಟ್ಟಿಗಳನ್ನೆಲ್ಲ ಎರಡರಲ್ಲೂ ತೆಗೆದು ಮೊತ್ತ ತಾಳೆ ನೋಡಿ. ಅಳಿಯ ಒಂದು ವಾರ ರಜೆ ಹಾಕಿ ಬರಲಿ. ಮಾಲ್ಪುರಿ ತಿನ್ನಿಸಿ ಕಳಿಸಿದರಾಯಿತು.

ಪ್ರಶ್ನೆ: ನನ್ನ ಹತ್ತಿರ ಪೈಥಾನ್ 3.11.9 ಇದೆ. ಅದಾದ ಮೇಲೂ 3.11ಕ್ಕೆ ಅಪ್‌ಡೇಟ್ ಬಂದಿದೆ, ಆದರೆ ವಿಂಡೋಸ್ ಇನ್‌ಸ್ಟಾಲರ್ ಎಲ್ಲೂ ಸಿಗುತ್ತಿಲ್ಲ. ಹುಡುಕಿ ಸಾಕಾಯಿತು.
— ಡಿಪ್ಲೊಮಾ ವಿದ್ಯಾರ್ಥಿ, ಯಾದಗಿರಿ

ಉತ್ತರ: ಸಿಗುವುದಿಲ್ಲ ತಮ್ಮ, ಹುಡುಕುವುದು ಬಿಡು. ಪೈಥಾನ್‌ನ ಪ್ರತಿ ನಡು ಅಂಕಿಗೂ ಐದು ವರ್ಷದ ಆಯುಷ್ಯ. ಮೊದಲ ಒಂದೂವರೆ ವರ್ಷ ಎಲ್ಲ ಬಗೆಯ ಬಗ್ ತೆಗೆಯುತ್ತಾರೆ, ಇನ್‌ಸ್ಟಾಲರ್ ಕೊಡುತ್ತಾರೆ. 3.13ರಿಂದ ಅದನ್ನು ಎರಡು ವರ್ಷ ಮಾಡಿದ್ದಾರೆ. ಆಮೇಲೆ ಬರೀ ಸೆಕ್ಯುರಿಟಿ ದುರಸ್ತಿ, ಅದೂ ಸೋರ್ಸ್ ಕೋಡ್ ರೂಪದಲ್ಲಿ. ಬೇಕಿದ್ದವರು ತಾವೇ ಕಟ್ಟಿಕೊಳ್ಳಬೇಕು. 3.11 ಬಂದದ್ದು 2022ರ ಅಕ್ಟೋಬರ್, ಇನ್‌ಸ್ಟಾಲರ್ ಇರುವ ಕೊನೆಯದು 2024ರ ಏಪ್ರಿಲ್‌ನ 3.11.9. 3.12ಕ್ಕೆ ಹೋಗುತ್ತೇನೆ ಅನ್ನಬೇಡ. ಅದಕ್ಕೂ 2025ರ ಏಪ್ರಿಲ್‌ನ 3.12.10ಕ್ಕೇ ಇನ್‌ಸ್ಟಾಲರ್ ಮುಗಿದಿದೆ. ಅದಕ್ಕಿಂತ ಮುಂದಿನದಕ್ಕೆ ಹೋಗು.

ಹೋಗುವ ಮುಂಚೆ ನನ್ನ ಪಾಡು ಕೇಳು. ಪ್ರಾಕ್ಟಿಕಲ್ ಪರೀಕ್ಷೆಗೆ ಎರಡೇ ದಿನ ಇರುವಾಗ, ಬುದ್ಧಿವಂತಿಕೆ ಮಾಡಿ ಇಡೀ ಲ್ಯಾಬ್ 3.11ರಿಂದ 3.12ಕ್ಕೆ ಏರಿಸಿದೆ. 24 ಕಂಪ್ಯೂಟರ್. ಬೆಳಿಗ್ಗೆ ನೋಡಿದರೆ ನಮ್ಮ ಹಳೆಯ ಒಂದು ಪ್ಯಾಕೇಜ್ ಎಲ್ಲೂ ಇನ್‌ಸ್ಟಾಲ್ ಆಗಲೊಲ್ಲದು. ಡಿಸ್ಟ್‌ಯುಟಿಲ್ಸ್ ಅನ್ನುವ ಮಾಡ್ಯೂಲ್ ಇಲ್ಲ ಅನ್ನುತ್ತದೆ. ಅದನ್ನು 3.12ರಲ್ಲಿ ತೆಗೆಯುತ್ತೇವೆ ಅಂತ ಮೊದಲೇ ಸಾರಿದ್ದರು. ನಾನು ಓದಿರಲಿಲ್ಲ. ಮೇ ತಿಂಗಳ ಬಿಸಿಲು, ಮೇಲೆ ಕರೆಂಟ್ ಇಲ್ಲ. ರಾತ್ರಿ ಹನ್ನೊಂದರವರೆಗೆ ಒಂದೊಂದಾಗಿ ಹಿಂದಕ್ಕೆ ಹಾಕಿದೆ. ವಾಚ್‌ಮನ್ ಕಾಕಾ ಮೂರು ಸಲ ಚಹಾ ತಂದುಕೊಟ್ಟರು.

ಪ್ರಶ್ನೆ: ಈ ಸಿವಿಇ ನಂಬರ್ ಏನು? ಅಪ್‌ಡೇಟ್ ಪಟ್ಟಿಯನ್ನು ಪೂರ್ತಿ ಓದಬೇಕಾ?
— ಕಂಪ್ಯೂಟರ್ ಸೆಂಟರ್ ನಡೆಸುವವರು, ಆಳಂದ

ಉತ್ತರ: ಪೂರ್ತಿ ಯಾರು ಓದುತ್ತಾರೆ! ಪೈಥಾನ್‌ನ ಪಟ್ಟಿಯಲ್ಲಿ ಸೆಕ್ಯುರಿಟಿ ಅನ್ನುವ ಭಾಗ ಬೇರೆಯೇ ಇರುತ್ತದೆ. ನಾನು ಅದನ್ನು ಓದಿ, ಉಳಿದದ್ದರ ಮೇಲೆ ಕಣ್ಣಾಡಿಸುತ್ತೇನೆ. ಸಿವಿಇ ಅಂದರೆ ಗೊತ್ತಾದ ದೋಷಕ್ಕೆ ಕೊಡುವ ನಂಬರ್, 1999ರಿಂದ ನಡೆದಿದೆ. ಅದರಲ್ಲಿರುವ ವರ್ಷ ನಂಬರ್‌ನದು, ರಿಪೇರಿಯದಲ್ಲ. ಈ ವ್ಯತ್ಯಾಸ ಕೆಲವೊಮ್ಮೆ ನಗು ತರಿಸುತ್ತದೆ.

ಸಿವಿಇ-2007-4559 ನೋಡಿ. ಹಲವು ಫೈಲುಗಳನ್ನು ಒಂದೇ ಗಂಟು ಕಟ್ಟಿದ ಟಾರ್ ಫೈಲ್ ಬಿಚ್ಚುವ ಪೈಥಾನ್ ಮಾಡ್ಯೂಲಿನದು. ಗಂಟಿನೊಳಗಿನ ಫೈಲಿನ ಹೆಸರಲ್ಲೇ ಎರಡು ಚುಕ್ಕಿ, ಒಂದು ಓರೆಗೆರೆ ಸೇರಿಸಿದರೆ, ಬಿಚ್ಚುವಾಗ ಆ ಫೈಲು ನೀವು ಹೇಳಿದ ಫೋಲ್ಡರ್ ದಾಟಿ ಹೊರಗೆ ಹೋಗಿ ಬೇರೆ ಫೈಲಿನ ಮೇಲೆ ಕೂರುತ್ತದೆ. 2007ರಲ್ಲಿ ‘ನಂಬಿಕೆ ಇಲ್ಲದವರ ಗಂಟು ಬಿಚ್ಚಬೇಡಿ’ ಅಂತ ಕೈಪಿಡಿಯಲ್ಲಿ ಎಚ್ಚರಿಕೆ ಬರೆದು ಬಿಟ್ಟರು. ಸೋಸುವ ವ್ಯವಸ್ಥೆ ಬಂದದ್ದು 2023ರಲ್ಲಿ. ಕೇಳದೆಯೇ ಸೋಸಲು ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ ಬಂದ 3.14ರಿಂದ. ಆ ಸಿವಿಇ ನಂಬರ್ ಬಂದಾಗ ನಮ್ಮೂರ ಬೋರ್ಡುಗಳಲ್ಲಿ ಇನ್ನೂ ಗುಲ್ಬರ್ಗಾ ಅಂತಿತ್ತು.

ಅಲ್ಲಿಗೂ ಮುಗಿಯಲಿಲ್ಲ. ಆ ಸೋಸುವ ಜರಡಿಯಲ್ಲೇ ತೂತುಗಳು ಸಿಕ್ಕವು. 2025ರ ಜೂನ್‌ನಲ್ಲಿ ಅವನ್ನು 3.13.4, 3.12.11, 3.11.13ರಲ್ಲಿ ಮುಚ್ಚಿದರು. ಯಾದಗಿರಿಯ ತಮ್ಮ ಮೇಲೆ ಕೇಳಿದ್ದಾನಲ್ಲ, ಅವನ 3.11.9ರಲ್ಲಿ ಆ ತೂತು ಹಾಗೇ ಇದೆ.