ಸಂಬಳವೂ ಇಲ್ಲದ ಮಾಡರೇಟರ್‌ಗೆ ಅಷ್ಟೊಂದು ಅಧಿಕಾರ ಎಲ್ಲಿಂದ ಬರುತ್ತದೆ?

"ಆನ್‌ಲೈನ್ ಗುಂಪುಗಳಲ್ಲಿ ಮಾಡರೇಟರ್‌ಗಳಿಗೆ ಯಾರೂ ಸಂಬಳ ಕೊಡುವುದಿಲ್ಲ, ಎಷ್ಟೋ ಕಡೆ ಯಾರೂ ಓಟು ಹಾಕಿ ಆರಿಸುವುದೂ ಇಲ್ಲ. ಆದರೂ ಕೆಲವು ವರ್ಷಗಳಲ್ಲಿ ಅವರು ಹೇಳಿದ್ದೇ ಕಾನೂನು ಆಗುವುದು ಹೇಗೆ?" ಅಂತ ಕೇಳಿದ್ದೀರಿ. ನಾನು ಆರು ವರ್ಷ ಆ ಕೆಲಸ ಮಾಡಿದ್ದೇನೆ. ಹಳೇ ಕ್ಯಾಮೆರಾ ರಿಪೇರಿ ಮಾಡುವ ಹವ್ಯಾಸಿಗಳ ಗುಂಪು ಅದು. ಹಾಗಾಗಿ ಈ ಉತ್ತರದಲ್ಲಿ ಅರ್ಧ ತಪ್ಪೊಪ್ಪಿಗೆಯೂ ಇದೆ.

ನನ್ನನ್ನೂ ಯಾರೂ ಆರಿಸಲಿಲ್ಲ. ರಾತ್ರಿ ಹೊತ್ತು ಸ್ಪ್ಯಾಮ್ ಕಂಡರೆ ಸುಮ್ನೆ ರಿಪೋರ್ಟ್ ಮಾಡುತ್ತಿದ್ದೆ. ಗುಂಪು ಶುರು ಮಾಡಿದವರಿಗೆ ಅಳಿಸಿ ಅಳಿಸಿ ಸಾಕಾಗಿತ್ತು. ಒಂದು ದಿನ "ನೀವೇ ಡಿಲೀಟ್ ಮಾಡ್ಕೊಳ್ಳಿ ಮಾರಾಯ್ರೆ" ಅಂತ ಬಟನ್ ಕೊಟ್ಟುಬಿಟ್ಟರು. ಅಷ್ಟೇ. ಯಾರಿಗೂ ಬೇಡದ ಕೆಲಸ ಯಾರು ಮಾಡುತ್ತಾರೋ ಅವರ ಕೈಗೆ ಬೀಗದ ಕೈ ಬರುತ್ತದೆ. ಆಗ ಯಾರೂ ತಕರಾರು ತೆಗೆಯುವುದಿಲ್ಲ. ಪೊರಕೆಗಾಗಿ ಜಗಳ ಆಡುವವರು ಯಾರಿದ್ದಾರೆ?

ಇಂಗ್ಲಿಷ್ ವಿಕಿಪೀಡಿಯದಲ್ಲಿ ಅಡ್ಮಿನ್ ಕೆಲಸವನ್ನು ಇವತ್ತಿಗೂ ನೆಲ ಒರೆಸುವ ಕೋಲಿಗೇ ಹೋಲಿಸುತ್ತಾರೆ. 2003ರಲ್ಲಿ ವಿಕಿಪೀಡಿಯ ಸ್ಥಾಪಕ ಜಿಮ್ಮಿ ವೇಲ್ಸ್ ಇದೇನೂ ದೊಡ್ಡ ವಿಷಯ ಅಲ್ಲ ಅಂತ ಬರೆದಿದ್ದರು. ಆಗ ಅದು ನಿಜವೂ ಹೌದು. ಆದರೆ ಪುಟ ಅಳಿಸುವುದು, ಪುಟಕ್ಕೆ ಬೀಗ ಹಾಕುವುದು, ಜನರನ್ನು ಬ್ಲಾಕ್ ಮಾಡುವುದು ಎಲ್ಲ ಅದೇ ಕೋಲಿನಲ್ಲಿ ಇತ್ತು. ಒಮ್ಮೆ ಕೊಟ್ಟರೆ ವಾಪಸ್ ಪಡೆಯುವುದು ಬಹಳ ಕಷ್ಟವಾಗಿತ್ತು. ವಾಪಸ್ ಪಡೆಯಲು ಆಗದ್ದನ್ನು ಕೊಡಲು ಯಾರಿಗಾದರೂ ಭಯ, ಅಲ್ವಾ? ಅಡ್ಮಿನ್ ಆಗಬೇಕೆಂದವರನ್ನು ಒಂದು ವಾರ ನಿಲ್ಲಿಸಿ, ಹಳೇ ಎಡಿಟ್‌ಗಳನ್ನೆಲ್ಲ ಕೆದಕಿ ಕೇಳುವ ಪದ್ಧತಿ ಬೆಳೆಯಿತು. 2007ರಲ್ಲಿ 400ಕ್ಕೂ ಜಾಸ್ತಿ ಹೊಸ ಅಡ್ಮಿನ್‌ಗಳು ಬಂದಿದ್ದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ವರ್ಷಕ್ಕೆ ಇಪ್ಪತ್ತು ಜನ ಸಿಕ್ಕಿದರೆ ಪುಣ್ಯ ಅನ್ನುವ ಸ್ಥಿತಿ. ಬಾಗಿಲು ಕಿರಿದಾದಷ್ಟೂ ಒಳಗಿರುವವರ ತೂಕ ಹೆಚ್ಚಿತು. ಇದನ್ನು ಯಾರೂ ಸಂಚು ಮಾಡಿ ತಂದದ್ದಲ್ಲ. 2024ರಲ್ಲಿ ಕೊನೆಗೂ ಅಡ್ಮಿನ್‌ಗಳನ್ನು ವಾಪಸ್ ಕರೆಸುವ ವ್ಯವಸ್ಥೆ ತಂದರು, ಗುಟ್ಟಾಗಿ ಮತ ಹಾಕುವ ಚುನಾವಣೆಯನ್ನೂ ಪ್ರಯೋಗ ಮಾಡಿ ನೋಡಿದರು.

ಬಟನ್ ವಿಷಯ ಬಿಡಿ, ಅದು ಎಲ್ಲರಿಗೂ ಕಾಣುತ್ತದೆ. ಅದಕ್ಕಿಂತ ದೊಡ್ಡದು ನೆನಪು. ಮೂರು ವರ್ಷ ದಿನಾ ಕೂತರೆ ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ, ಯಾರು ಹೆಸರು ಬದಲಿಸಿ ಮತ್ತೆ ಬಂದಿದ್ದಾರೆ, ಯಾವ ಪ್ರಶ್ನೆ ಎತ್ತಿದರೆ ಬೆಂಕಿ ಹತ್ತುತ್ತದೆ ಎಲ್ಲ ತಿಳಿದಿರುತ್ತದೆ. ಹೊಸಬರು ಏನಾದರೂ ಕೇಳಿದರೆ "ಅದು ಆಗಲೇ ತೀರ್ಮಾನ ಆಗಿದೆ" ಅಂದರೆ ಮುಗಿಯಿತು. ಎಲ್ಲಿ ತೀರ್ಮಾನ ಆಯಿತು? ನಮ್ಮದೇ ಒಂದು ಚಾಟ್ ರೂಮಿನಲ್ಲಿ. ಅಲ್ಲಿ ಏನು ಮಾತಾಡಿದೆವು ಅಂತ ಸದಸ್ಯರಿಗೆ ಕಾಣುವುದಿಲ್ಲ. ನಮಗೂ ಹುಡುಕಿದರೆ ಸಿಗುತ್ತಿರಲಿಲ್ಲ, ಆ ಮಾತು ಬೇರೆ.

ಒಂದು ರಾತ್ರಿಯದು ಹೇಳುತ್ತೇನೆ. ಲೆನ್ಸ್ ಒಳಗಿನ ಫಂಗಸ್ ತೆಗೆಯುವುದು ಹೇಗೆ ಅಂತ ಒಬ್ಬರು ಉದ್ದವಾಗಿ ಬರೆದಿದ್ದರು. ಆ ವಿಷಯಕ್ಕೆ ಅಷ್ಟರಲ್ಲಿ ಹತ್ತು ಸಲ ಜಗಳ ಆಗಿತ್ತು. ನಾನು ಎರಡು ಸಾಲು ಓದಿ ಡಿಲೀಟ್ ಒತ್ತಿದೆ. ಮೊದಲ ವರ್ಷ ಒಂದು ಪೋಸ್ಟ್ ತೆಗೆಯಬೇಕಾದರೆ ಮೂರು ಜನರನ್ನು ಕೇಳುತ್ತಿದ್ದವನು ನಾನೇ. ಐದು ನಿಮಿಷಕ್ಕೆ ಅವರ ಮೆಸೇಜ್ ಬಂತು: "ಯಾವ ನಿಯಮ ಮುರಿದೆ ಅಂತ ಹೇಳ್ತೀರಾ?" ಕೋಪವೇನೂ ಇರಲಿಲ್ಲ, ಸುಮ್ನೆ ಕೇಳಿದ್ದರು. ನಿಯಮಗಳ ಪುಟ ತೆಗೆದೆ. ಏಳು ನಿಯಮ ಇದ್ದವು. ಮೇಲಿಂದ ಕೆಳಗೆ ಎರಡು ಸಲ ಓದಿದೆ. ಒಂದೂ ಹೊಂದಲಿಲ್ಲ. ಆಗ ನಾನು ಮಾಡಬೇಕಾದ್ದು ಒಂದೇ, ಪೋಸ್ಟ್ ವಾಪಸ್ ಹಾಕಿ "ತಪ್ಪಾಯ್ತು" ಅನ್ನುವುದು. ಮಾಡಲಿಲ್ಲ. ಎಂಟನೇ ನಿಯಮ ಬರೆದೆ: "ಪದೇ ಪದೇ ಚರ್ಚೆಯಾದ ವಿಷಯಗಳ ಪೋಸ್ಟ್‌ಗಳನ್ನು ತೆಗೆಯಲಾಗುವುದು." ಅದರ ಲಿಂಕ್ ಅವರಿಗೆ ಕಳಿಸಿದೆ. ಆ ನಿಯಮಕ್ಕೆ ಆಗ ನಾಲ್ಕು ನಿಮಿಷ ವಯಸ್ಸು. ಅವರು "ಗೊತ್ತಿರಲಿಲ್ಲ, ಸಾರಿ" ಅಂದರು.

ಎರಡು ವಾರ ಆದ ಮೇಲೆ ಇನ್ನೊಬ್ಬ ಮಾಡರೇಟರ್ ಅದೇ ಎಂಟನೇ ನಿಯಮ ಹೇಳಿ ಬೇರೆ ಯಾರದ್ದೋ ಪೋಸ್ಟ್ ತೆಗೆದದ್ದು ನೋಡಿದೆ. ನಾನು ಬಾಯಿ ಬಿಡಲಿಲ್ಲ. ಅಧಿಕಾರ ಬೆಳೆಯುವುದು ಹೀಗೆ. ಕೆಟ್ಟವರು ಬಂದು ಕುರ್ಚಿ ಹಿಡಿಯುವುದಕ್ಕಿಂತ, ಸುಸ್ತಾದ ಒಳ್ಳೆಯವರು ಅಡ್ಡದಾರಿ ಹಿಡಿದು, ಆ ದಾರಿಗೆ ಬೋರ್ಡ್ ಹಾಕುವುದೇ ಜಾಸ್ತಿ.

ಕೆಟ್ಟವರೂ ಬರುತ್ತಾರೆ, ಇಲ್ಲ ಅನ್ನುವುದಿಲ್ಲ. ಕ್ರೊಯೇಷಿಯನ್ ವಿಕಿಪೀಡಿಯ ನೋಡಿ. ಅಲ್ಲಿ ಸುಮಾರು ಹತ್ತು ವರ್ಷ ಅಡ್ಮಿನ್‌ಗಳ ಒಂದು ಸಣ್ಣ ಗುಂಪು ಇತಿಹಾಸದ ಪುಟಗಳನ್ನೇ ಕಡು ಬಲಪಂಥದ ಕಡೆಗೆ ತಿರುಚಿತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಪ್ರಶ್ನೆ ಕೇಳಿದವರನ್ನು ಬ್ಲಾಕ್ ಮಾಡುತ್ತಿದ್ದರು. ಹಾಗಾಗಿ ಮತಕ್ಕೆ ಹಾಕುವ ಹೊತ್ತಿಗೆ ಉಳಿದವರಲ್ಲಿ ಹೆಚ್ಚಿನವರು ಅವರ ಕಡೆಯವರೇ. ಹೊರಗಿನವರು ಕೈ ಹಾಕಿದ ಮೇಲೆಯೇ ಅದು ಸರಿದಾರಿಗೆ ಬಂತು. 2021ರಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಈ ಬಗ್ಗೆ ವರದಿಯನ್ನೂ ಹೊರತಂದಿತು.

ಸಾವಿರಾರು ಚರ್ಚಾ ಗುಂಪುಗಳಿರುವ ರೆಡ್ಡಿಟ್ ತಾಣದಲ್ಲಿ ಲೆಕ್ಕ ಇನ್ನೂ ಸರಳ. ಗುಂಪು ಯಾರು ಮೊದಲು ಶುರು ಮಾಡಿದರೋ ಅವರು ಪಟ್ಟಿಯ ತುದಿಯಲ್ಲಿ. ಮೇಲಿನವರು ಕೆಳಗಿನವರನ್ನು ತೆಗೆಯಬಹುದು, ಕೆಳಗಿನವರು ಮೇಲಿನವರನ್ನು ತಾವಾಗಿ ತೆಗೆಯುವ ಹಾಗಿಲ್ಲ. ಇಷ್ಟವಿಲ್ಲದಿದ್ದರೆ ಬೇರೆ ಗುಂಪು ಕಟ್ಟಿ ಅನ್ನುತ್ತಾರೆ. ಕಟ್ಟಬಹುದು. ಆದರೆ ಒಳ್ಳೆಯ ಹೆಸರು, ಸೇರಿದ ಜನ ಎರಡೂ ಹಳೇ ಗುಂಪಿನ ಹತ್ತಿರವೇ ಉಳಿಯುತ್ತವೆ. ಇದರ ಇನ್ನೊಂದು ಮುಖ 2023ರ ಜೂನ್‌ನಲ್ಲಿ ಕಂಡಿತು. ಎಪಿಐಗೆ, ಅಂದರೆ ಹೊರಗಿನ ಆ್ಯಪ್‌ಗಳು ರೆಡ್ಡಿಟ್‌ನ ಮಾಹಿತಿ ಪಡೆಯುವ ದಾರಿಗೆ, ಕಂಪನಿ ಬೆಲೆ ಇಟ್ಟದ್ದಕ್ಕೆ ಸಾವಿರಾರು ಗುಂಪುಗಳು ಬಾಗಿಲು ಮುಚ್ಚಿದವು. ತೆಗೆಯದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರು ಅಂತ ಕಂಪನಿ ಹೇಳಿತು, ಹೆಚ್ಚಿನವರು ತೆಗೆದರು. ಕಂಪನಿಯ ಸಿಇಒ ಮಾಡರೇಟರ್‌ಗಳನ್ನು ಜಮೀನ್ದಾರರಿಗೆ ಹೋಲಿಸಿದ್ದು ಆಗಲೇ. ನನಗೆ ನಗು ಬಂತು. ಜಮೀನು ಅವರದ್ದು, ಪುಕ್ಕಟೆ ಉಳುವವರು ಇವರು, ಜಮೀನ್ದಾರರೂ ಇವರೇ!

ಹಾಗಾದರೆ ಅಧಿಕಾರ ಬಿಟ್ಟುಬಿಟ್ಟರೆ? ಅದನ್ನೂ ಮಾಡಿ ನೋಡಿದವರಿದ್ದಾರೆ. 1990ರಲ್ಲಿ ಶುರುವಾದ ಲ್ಯಾಂಬ್ಡಾಮೂ ಅನ್ನುವ, ಬರೀ ಅಕ್ಷರಗಳಲ್ಲೇ ಕಟ್ಟಿದ ಲೋಕ ಒಂದಿತ್ತು. ಅಲ್ಲಿನ ಅಡ್ಮಿನ್‌ಗಳಿಗೆ ಮಾಂತ್ರಿಕರು ಅಂತ ಹೆಸರು. ಜಗಳ ಬಿಡಿಸಿ ಬೇಸತ್ತು 1992ರ ಕೊನೆಗೆ "ಇನ್ನು ತಾಂತ್ರಿಕ ಕೆಲಸ ಮಾತ್ರ ನಮ್ಮದು, ಉಳಿದದ್ದು ನೀವೇ ನೋಡಿಕೊಳ್ಳಿ" ಅಂದುಬಿಟ್ಟರು. ಮುಂದಿನ ವರ್ಷ ಒಬ್ಬ ಸದಸ್ಯ ಬೇರೆಯವರ ಪಾತ್ರಗಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುವಂಥ ಬರಹ ಎಲ್ಲರೆದುರು ಹರಿಬಿಟ್ಟ. ಜನ ಗಂಟೆಗಟ್ಟಲೆ ಚರ್ಚಿಸಿದರು, ತೀರ್ಮಾನಕ್ಕೆ ಬರಲಿಲ್ಲ. ಕೊನೆಗೆ ಒಬ್ಬ ಮಾಂತ್ರಿಕ ತಾನೇ ನಿರ್ಧರಿಸಿ ಅವನ ಖಾತೆ ತೆಗೆದುಹಾಕಿದ. ಆಮೇಲೆ ಮನವಿ ಸಲ್ಲಿಸಿ ಮತ ಹಾಕುವ ಪದ್ಧತಿ ಬಂತು. 1996ರಲ್ಲಿ ಮಾಂತ್ರಿಕರೇ ಮರಳಿ ಬಂದರು. ತಾಂತ್ರಿಕ ಕೆಲಸ, ಜನರ ಕೆಲಸ ಅಂತ ಬೇರೆ ಮಾಡಲು ಆಗುವುದಿಲ್ಲ ಅಂತ ಅವರೇ ಒಪ್ಪಿಕೊಂಡರು.

ನನಗೆ ಹಿಡಿಸಿದ್ದು ಸ್ಲ್ಯಾಶ್‌ಡಾಟ್ ಅನ್ನುವ ತಂತ್ರಜ್ಞಾನ ಸುದ್ದಿ ತಾಣದ ಹಳೇ ಉಪಾಯ. ಕಾಮೆಂಟ್‌ಗಳನ್ನು ನೋಡಿಕೊಳ್ಳಲು ಮೊದಲು ಇಪ್ಪತ್ತೈದು ಜನರನ್ನು ಆರಿಸಿದರು, ಸಾಲಲಿಲ್ಲ. ಆಮೇಲೆ ನಾನೂರು. ಕೊನೆಗೆ ಸಾಮಾನ್ಯ ಓದುಗರಿಗೇ ಕಾಮೆಂಟ್‌ಗಳನ್ನು ಮೇಲೆ ಕೆಳಗೆ ಮಾಡಲು ಆಗಾಗ ಐದು ಪಾಯಿಂಟ್ ಹಂಚಿದರು. ಮೂರು ದಿನದೊಳಗೆ ಬಳಸದಿದ್ದರೆ ಹೋಯಿತು. ಅವರು ಕೊಟ್ಟ ತೀರ್ಪು ಸರಿಯೇ ಅಂತ ನೋಡಲು ಇನ್ನೊಂದಿಷ್ಟು ಜನ. ಕುರ್ಚಿ ಬಿಸಿಯಾಗುವಷ್ಟು ಹೊತ್ತು ಯಾರೂ ಕೂರುತ್ತಿರಲಿಲ್ಲ.

ನಿಮ್ಮ ಗುಂಪು ಯಾವ ದಾರಿಯಲ್ಲಿದೆ ಅಂತ ತಿಳಿಯಬೇಕಾದರೆ ನಿಯಮಗಳ ಪುಟ ಓದುವುದಕ್ಕಿಂತ, ಕೊನೆಯ ಸಲ ಒಬ್ಬ ಮಾಡರೇಟರ್ ಕೆಳಗಿಳಿದದ್ದು ಯಾವಾಗ, ಯಾಕೆ ಅಂತ ಕೇಳಿ ನೋಡಿ. ಏನೇನು ತೆಗೆದರು ಅನ್ನುವ ಲಾಗ್ ಎಲ್ಲರಿಗೂ ಕಾಣುತ್ತದೆಯೇ ಅಂತಲೂ ನೋಡಿ.

ನಾನು ಬಿಡುವ ಮುಂಚೆ ಎಂಟನೇ ನಿಯಮ ತೆಗೆದುಹಾಕೋಣ ಅಂತ ಚಾಟ್ ರೂಮಿನಲ್ಲಿ ಹೇಳಿದೆ. ಆರು ತಿಂಗಳ ಹಿಂದೆ ಸೇರಿದ ಮಾಡರೇಟರ್ ಒಬ್ಬರು ಉತ್ತರ ಕೊಟ್ಟರು: "ಬೇಡ ಸರ್, ಅದು ಮೊದಲಿನಿಂದಲೂ ಇದೆಯಲ್ಲ."