ಸಿರಿಂಕ್ಸ್ ನುಡಿಸುವಾಗ ಶ್ರುತಿಪೆಟ್ಟಿಗೆ ಬೇಡ

ಫ್ರೆಂಚ್ ಸಂಗೀತ ರಚನೆಕಾರ ದೆಬ್ಯುಸಿ ಪಾಶ್ಚಾತ್ಯ ಫ್ಲೂಟಿಗೆ ಬರೆದ ‘ಸಿರಿಂಕ್ಸ್’ ಕೃತಿಯಲ್ಲಿ ಷಡ್ಜವೇ (ನೆಲೆಯಾಗುವ ‘ಸ’) ಸಿಗುತ್ತಿಲ್ಲ, ತಾಳವೂ ಇಲ್ಲ, ಶ್ರುತಿಪೆಟ್ಟಿಗೆ ಹಾಕಿ ನುಡಿಸಿದರೆ ಎಲ್ಲವೂ ಅಪಸ್ವರ ಎಂದು ಬರೆದಿದ್ದೀರಿ. ಮೊದಲು ಆ ಪೆಟ್ಟಿಗೆ ನಿಲ್ಲಿಸಿ. ನಾನೂ ಬಿದಿರಿನ ಕೊಳಲಿನಿಂದ ಫ್ಲೂಟಿಗೆ ಬಂದವನು. ಕೃತಿಯ ಕೊನೆಯ ಸ್ವರವಾದ ಡಿ ಫ್ಲಾಟಿಗೆ (ಪಾಶ್ಚಾತ್ಯ ಸ್ವರದ ಹೆಸರು) ಶ್ರುತಿ ಇಟ್ಟು ತಿಂಗಳುಗಟ್ಟಲೆ ಒದ್ದಾಡಿದ ಮೇಲೆ, ಒಂದು ದಿನ ಪಾಠದಲ್ಲಿ ನಮ್ಮ ಮೇಷ್ಟ್ರು ಮಾತಾಡದೆ ಕೈಚಾಚಿ ಶ್ರುತಿಪೆಟ್ಟಿಗೆಯನ್ನು ನಿಲ್ಲಿಸಿಬಿಟ್ಟರು. ಆಗ ಮೊದಲ ಬಾರಿಗೆ ಈ ಕೃತಿ ಕಿವಿಗೆ ಬಿತ್ತು.

ಇದು ಹುಟ್ಟಿದ್ದೇ ಒಂಟಿ ಕೊಳಲಿಗೆ. 1913ರಲ್ಲಿ ಗಾಬ್ರಿಯೆಲ್ ಮೂರೆಯ ‘ಸೈಕಿ’ ನಾಟಕಕ್ಕಾಗಿ ದೆಬ್ಯುಸಿ ಬರೆದದ್ದು. ಪ್ಯಾನ್ ದೇವತೆಯ ಕೊಳಲು ರಂಗದ ಮರೆಯಿಂದ ಕೇಳಬೇಕಿತ್ತು. ಪ್ಯಾರಿಸ್ಸಿನಲ್ಲಿ ಅದನ್ನು ಮೊದಲು ನುಡಿಸಿದವರು ಲೂಯಿ ಫ್ಲೂರಿ. ಅಚ್ಚಾದದ್ದು 1927ರಲ್ಲಿ, ಅಷ್ಟರಲ್ಲಿ ದೆಬ್ಯುಸಿ, ಫ್ಲೂರಿ ಇಬ್ಬರೂ ತೀರಿಕೊಂಡಿದ್ದರು. ಫೋನಿನಲ್ಲಿ ಹಾಕಿ ಪಕ್ಕದ ಕೋಣೆಯಲ್ಲಿಟ್ಟು, ಬಾಗಿಲು ಅರ್ಧ ಮುಚ್ಚಿ ಕೇಳಿ ನೋಡಿ. ಮೂರು ನಿಮಿಷದ ಕೆಲಸ, ಆದರೆ ಕೇಳುವ ರೀತಿಯೇ ಬದಲಾಗುತ್ತದೆ.

ಷಡ್ಜದ ಬದಲು ಬಿ ಫ್ಲಾಟನ್ನು ಹಿಡಿಯಿರಿ. ಮೊದಲ ಸ್ವರ ಅದೇ. ಅದರ ಮೇಲೆ ಕೊಂಚ ನಿಂತು, ಚಕ್ಕನೆ ಒಂದು ಸುತ್ತು ಹಾಕಿ, ಅರ್ಧರ್ಧ ಸ್ವರವಾಗಿ ಜಾರುತ್ತಾ ಇಳಿಯುತ್ತದೆ. ಮೂರನೇ ಬಾರಿನಲ್ಲಿ (ಬಾರು ಎಂದರೆ ಸ್ವರಲಿಪಿಯಲ್ಲಿ ಎರಡು ಗೆರೆಗಳ ನಡುವಿನ ಒಂದು ಸುತ್ತಿನ ಎಣಿಕೆ) ಮತ್ತೆ ಅಲ್ಲಿಂದಲೇ ಹೊರಡುತ್ತದೆ. ಒಂಬತ್ತನೆಯದರಲ್ಲಿ ಅದೇ ಎತ್ತುಗಡೆ ಒಂದು ಸ್ಥಾಯಿ ಕೆಳಗೆ, ದನಿಯೇ ಕಪ್ಪಾದಂತೆ. ಹೊರಟ ಜಾಗಕ್ಕೆ ಮರಳುವುದು ನಮಗೇನೂ ಹೊಸದಲ್ಲ. ಇಲ್ಲಿ ಮರಳಿದ ಮೇಲೂ ನೆಲೆ ಸಿಗುವುದಿಲ್ಲ, ಅಷ್ಟೆ. ಆ ಬಿ ಫ್ಲಾಟಿಗೆ ದಯವಿಟ್ಟು ಗಮಕ ಕೊಡಬೇಡಿ. ಸ್ವಲ್ಪ ಅಲುಗಿಸಿದರೂ ಮುಂದಿನ ಸಣ್ಣ ಸ್ವರಗಳು ಕಲಸಿಹೋಗುತ್ತವೆ.

ತಾಳ ಇಲ್ಲ ಎನ್ನುವುದು ತಪ್ಪು. ಇರುವ 35 ಬಾರುಗಳಲ್ಲಿ ಹೆಚ್ಚಿನವು ಮೂರು ಎಣಿಕೆಯವು, ಕಾಲಪ್ರಮಾಣವನ್ನೂ ದೆಬ್ಯುಸಿ ತೀರಾ ನಿಖರವಾಗಿ ಬರೆದಿದ್ದಾರೆ. ತಾಳವಿಲ್ಲದ ಆಲಾಪನೆ ಎಂದುಕೊಂಡು ಎಳೆದಾಡಿದರೆ ಕೆಡುತ್ತದೆ. ಎರಡು ವಾರ ಮೆಟ್ರೊನೋಮ್ (ಲಯಕ್ಕೆ ಟಿಕ್ ಟಿಕ್ ಎನ್ನುವ ಸಾಧನ) ಹಾಕಿ, ಬಾಯಲ್ಲಿ ಎಣಿಸಿ, ಆಮೇಲೆ ಕೊಳಲು ಎತ್ತಿ. ಎಣಿಕೆ ಮೈಗೂಡಿದ ಮೇಲೆ ಸಡಿಲಿಸಿದರೆ ಅದು ಸ್ವಾತಂತ್ರ್ಯದಂತೆ ಕೇಳುತ್ತದೆ. ಅದಕ್ಕೂ ಮೊದಲಾದರೆ ಬರೀ ತಡವರಿಕೆ.

ಬಿದಿರಿನ ಕೊಳಲಿನಲ್ಲಿ ಪೂರ್ತಿ ನುಡಿಸಲು ನಾನು ಹೇಳುವುದಿಲ್ಲ. ಫ್ಲೂಟಿನಲ್ಲಿ ಪ್ರತಿ ಅರ್ಧ ಸ್ವರಕ್ಕೂ ಕೀಲಿ ಇದೆ. ನಮ್ಮಲ್ಲಿ ಅರ್ಧ ತೂತು ಮುಚ್ಚಬೇಕು, ಆ ವೇಗದಲ್ಲಿ ಸ್ವರ ಶುದ್ಧವಾಗಿ ನಿಲ್ಲುವುದು ಬಹಳ ಕಷ್ಟ. ಕೊನೆಯ ಇಳಿಕೆಯನ್ನು ಮಾತ್ರ ಖಂಡಿತ ನುಡಿಸಿ. ಬಿ, ಎ, ಜಿ, ಎಫ್, ಇ ಫ್ಲಾಟ್, ಡಿ ಫ್ಲಾಟ್: ಎಲ್ಲವೂ ಒಂದೊಂದು ಪೂರ್ಣ ಸ್ವರದ ಅಂತರ. ಡಿ ಫ್ಲಾಟನ್ನು ಷಡ್ಜ ಎಂದುಕೊಂಡರೆ ನಿ ದ ಮ ಗ ರಿ ಸ, ಗೋಪ್ರಿಯ ರಾಗದ ಅವರೋಹಣವೇ (ಇಳಿಯುವ ಕ್ರಮ)! ಋಷಭಪ್ರಿಯ ರಾಗದಿಂದ ಪಂಚಮ (ಪ) ತೆಗೆದರೆ ಸಿಗುವ ರಾಗ ಅದು. ಪಂಚಮವೂ ಇಲ್ಲ, ಶುದ್ಧ ಮಧ್ಯಮವೂ ಇಲ್ಲ, ಹಾಗಾಗಿ ‘ಸ’ಕ್ಕೆ ಬಂದರೂ ಮನೆಗೆ ಬಂದಂತೆ ಅನ್ನಿಸುವುದಿಲ್ಲ. ಒಮ್ಮೆ ಶ್ರುತಿಯೊಂದಿಗೆ, ಒಮ್ಮೆ ಶ್ರುತಿ ಇಲ್ಲದೆ ನುಡಿಸಿ. ನಿಮ್ಮ ಪ್ರಶ್ನೆಗೆ ಉತ್ತರ ಆ ವ್ಯತ್ಯಾಸದಲ್ಲೇ ಇದೆ.

ಆ ಕೊನೆಯ ಡಿ ಫ್ಲಾಟ್ ಫ್ಲೂಟಿನ ತಳದಲ್ಲಿದೆ. ಉಸಿರು ಮುಗಿಯುತ್ತಾ ಬಂದಾಗ ಶ್ರುತಿ ಇಳಿಯುತ್ತದೆ, ಅದಕ್ಕೆ ಇ ಫ್ಲಾಟಿಗೆ ಮೊದಲೇ ಉಸಿರು ಉಳಿಸಿಕೊಂಡಿರಿ.