ಲ್ಯಾಬ್‌ನೊಳಗಿನ ಪೈಪೋಟಿ, ಪ್ರೀತಿಯನ್ನು ಸಿನಿಮಾಕ್ಕೆ ನಂಬುವ ಹಾಗೆ ಬರೆಯುವುದು ಹೇಗೆ?

ನಿಮ್ಮ ಕಿರುಚಿತ್ರದಲ್ಲಿ ಒಂದೇ ಲ್ಯಾಬ್‌ನ ಇಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳು ಮೊದಲು ಎದುರಾಳಿಗಳು, ಆಮೇಲೆ ಪ್ರೇಮಿಗಳು. ಕಥೆ ಬೆಂಗಳೂರಿನ ಒಂದು ಜೀವಕೋಶ ಲ್ಯಾಬ್‌ನಲ್ಲಿ ನಡೆಯುತ್ತದೆ, ಒಳಗಿನವರು ನೋಡಿದರೆ ಸುಳ್ಳು ಅನ್ನಿಸಬಾರದು, ಏನೇನು ಗಮನಿಸಬೇಕು ಎಂದು ಕೇಳಿದ್ದೀರಿ. ನಾನು ಸೆಲ್ ಬಯಾಲಜಿಯಲ್ಲೇ ಪಿಎಚ್‌ಡಿ ಮಾಡುತ್ತಿರುವುದರಿಂದ ಅಂಥ ಲ್ಯಾಬ್‌ನ ಮಟ್ಟಿಗೆ ಹೇಳುತ್ತೇನೆ.

ಸಿನಿಮಾಗಳಲ್ಲಿ ಪೈಪೋಟಿ ಸೆಮಿನಾರ್ ಹಾಲ್‌ನ ವಾಗ್ವಾದದಲ್ಲಿ ನಡೆಯುತ್ತದೆ, ಪ್ರೀತಿ ಕಾರಿಡಾರ್‌ನಲ್ಲೋ ಮಳೆಯಲ್ಲೋ ಹುಟ್ಟುತ್ತದೆ. ಲ್ಯಾಬ್ ಅನ್ನುವುದು ಬಣ್ಣದ ನೀರಿನ ಬಾಟಲಿಗಳಿರುವ ಸೆಟ್ ಅಷ್ಟೇ. ನನ್ನ ಪ್ರಕಾರ ದೊಡ್ಡ ತಪ್ಪು ಇದೇ. ನಮ್ಮಲ್ಲಿ ಪೈಪೋಟಿಗೂ ಪ್ರೀತಿಗೂ ಒಂದೇ ಕೆಲಸ ದಾರಿ ಮಾಡಿಕೊಡುತ್ತದೆ: ಒಬ್ಬರು ಬೆಳೆಸುತ್ತಿರುವ ಸೆಲ್‌ಗಳನ್ನು, ಅಂದರೆ ಜೀವಕೋಶಗಳನ್ನು, ಇನ್ನೊಬ್ಬರ ಕೈಗೆ ಒಪ್ಪಿಸುವುದು. ನಿಮ್ಮ ಕಥೆಯನ್ನು ಇದರ ಮೇಲೆ ಕಟ್ಟಿ.

ಲ್ಯಾಬ್‌ನಲ್ಲಿ ಬೆಳೆಸುವ ಸೆಲ್‌ಗಳಿಗೆ ರಜೆ ಇಲ್ಲ. ಬಹಳ ಕಡೆ ಬಳಸುವ ಹೆಕ್ 293 ಎಂಬ ಮಾನವ ಸೆಲ್‌ಗಳು ಹೆಚ್ಚುಕಡಿಮೆ ದಿನಕ್ಕೊಮ್ಮೆ ಇಮ್ಮಡಿಯಾಗುತ್ತವೆ. 10 ಸೆಂಟಿಮೀಟರ್ ಅಗಲದ ಪ್ಲೇಟ್‌ನಲ್ಲಿ 10 ಮಿಲಿ ಮೀಡಿಯಾ (ಸೆಲ್‌ಗಳಿಗೆ ಆಹಾರವಾಗುವ ದ್ರವ), 37 ಡಿಗ್ರಿ ಶಾಖ, 5% ಕಾರ್ಬನ್ ಡೈ ಆಕ್ಸೈಡ್. ಎರಡು-ಮೂರು ದಿನಕ್ಕೊಮ್ಮೆ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ತಳದಿಂದ ಬಿಡಿಸಿ ಹೊಸ ಪ್ಲೇಟ್‌ಗಳಿಗೆ ಹಂಚಬೇಕು. ಐದಾರು ದಿನ ಬಿಟ್ಟರೆ ಜಾಗ ಸಾಲದೆ, ಮೀಡಿಯಾ ಹುಳಿಯಾಗಿ, ಸೆಲ್‌ಗಳು ತಳ ಬಿಟ್ಟು ತೇಲತೊಡಗುತ್ತವೆ. ಮೂರು ವಾರ ಜೋಪಾನ ಮಾಡಿದ ಪ್ರಯೋಗ ಅಲ್ಲಿಗೆ ಮುಗಿಯಿತು. ಹಾಗಾಗಿ ಅಕ್ಕನ ಮದುವೆಗೆ ಊರಿಗೆ ಹೋಗುವವರು ಯಾರನ್ನಾದರೂ ಕೇಳಲೇಬೇಕು: ‘ಭಾನುವಾರ ನನ್ನ ಪ್ಲೇಟ್ಸ್‌ಗೆ ಮೀಡಿಯಾ ಚೇಂಜ್ ಮಾಡ್ತೀಯಾ?’ ಯಾರನ್ನು ಕೇಳುತ್ತಾರೆ, ಯಾರನ್ನು ಕೇಳುವುದಿಲ್ಲ ಎನ್ನುವುದರಲ್ಲೇ ಆ ಲ್ಯಾಬ್‌ನ ಸಂಬಂಧಗಳೆಲ್ಲ ಗೊತ್ತಾಗಿಬಿಡುತ್ತವೆ. ನಿಮ್ಮ ನಾಯಕಿ ಮೊದಲ ಅರ್ಧದಲ್ಲಿ ಊರಿನ ಬಸ್ಸನ್ನೇ ಬಿಡಲಿ, ಆದರೆ ಅವನನ್ನು ಕೇಳದಿರಲಿ. ಕೊನೆಗೊಂದು ದಿನ ಕೇಳಲಿ. ಅದಕ್ಕಿಂತ ದೊಡ್ಡ ಪ್ರೇಮನಿವೇದನೆಯ ಸಂಭಾಷಣೆ ಬೇಕಿಲ್ಲ.

ಇದೇ ಕೆಲಸದ ಇನ್ನೊಂದು ಮುಖವೂ ನಿಜವಾಗಿ ನಡೆದದ್ದೇ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಒಂದು ಕ್ಯಾನ್ಸರ್ ಲ್ಯಾಬ್‌ನಲ್ಲಿ ಒಬ್ಬ ವಿದ್ಯಾರ್ಥಿನಿಯ ಪ್ರಯೋಗಗಳು ತಿಂಗಳುಗಟ್ಟಲೆ ಕೆಡುತ್ತಾ ಹೋದವು. ಪ್ಲೇಟ್‌ಗಳ ಲೇಬಲ್ ಅದಲುಬದಲಾಗುತ್ತಿತ್ತು, ಸೆಲ್‌ಗಳು ಸಾಯುತ್ತಿದ್ದವು. ಮೊದಮೊದಲು ತನ್ನ ಕೈಯಲ್ಲೇ ಏನೋ ದೋಷವಿದೆ ಎಂದುಕೊಂಡಳು. 2010ರಲ್ಲಿ ಗುಟ್ಟಾಗಿ ಕ್ಯಾಮೆರಾ ಇಟ್ಟಾಗ, ಪಿಎಚ್‌ಡಿ ಮುಗಿಸಿ ಅದೇ ಲ್ಯಾಬ್‌ನಲ್ಲಿ ಪೋಸ್ಟ್‌ಡಾಕ್ ಆಗಿದ್ದ ಸಂಶೋಧಕ ಅವಳ ಮೀಡಿಯಾಕ್ಕೆ ಎಥನಾಲ್ ಸೇರಿಸುತ್ತಿದ್ದದ್ದು ಸಿಕ್ಕಿಬಿತ್ತು. ಇಲ್ಲಿ ನೀವು ಹಿಡಿದುಕೊಳ್ಳಬೇಕಾದ ಅಂಶ ಒಂದಿದೆ. ಸೆಲ್‌ಗಳ ಕೆಲಸ ಮಾಡುವ, ಶುದ್ಧ ಗಾಳಿ ಹರಿಯುವ ಗಾಜಿನ ಮುಂಭಾಗದ ಕಪಾಟಿಗೆ ಹುಡ್ ಎನ್ನುತ್ತೇವೆ; 70% ಎಥನಾಲ್ ಸ್ಪ್ರೇ ಬಾಟಲಿ ಪ್ರತಿ ಹುಡ್‌ನ ಪಕ್ಕದಲ್ಲೂ ಇರುತ್ತದೆ. ಕೈಗವಸು, ಬಾಟಲಿ, ಮೇಜು, ಎಲ್ಲಕ್ಕೂ ಅದನ್ನೇ ಹೊಡೆಯುತ್ತೇವೆ. ಅದನ್ನು ಹಿಡಿದು ನಿಂತವರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಖಳನ ಕೈಗೆ ವಿಷದ ಸೀಸೆ ಕೊಡುವುದಕ್ಕಿಂತ ಇದು ಎಷ್ಟೋ ಭಯ ಹುಟ್ಟಿಸುತ್ತದೆ.

ಆದರೆ ಇಂಥ ದ್ರೋಹ ಅಪರೂಪ. ದಿನನಿತ್ಯದ ಪೈಪೋಟಿಯಲ್ಲಿ ಯಾರೂ ಏನನ್ನೂ ಕೆಡಿಸುವುದಿಲ್ಲ, ಸುಮ್ಮನಿರುತ್ತಾರೆ ಅಷ್ಟೇ. ಇದನ್ನು ತೋರಿಸಲು ವೆಸ್ಟರ್ನ್ ಬ್ಲಾಟ್‌ಗಿಂತ ಒಳ್ಳೆಯ ಪ್ರಯೋಗ ಇಲ್ಲ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸೆಲ್‌ಗಳನ್ನು ಒಡೆದು, ಅದರ ಪ್ರೋಟೀನನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಬೇಕಾದ ಒಂದು ಪ್ರೋಟೀನ್ ಇದೆಯೇ ಎಂದು, ಅದಕ್ಕೆ ಮಾತ್ರ ಅಂಟಿಕೊಳ್ಳುವ ಆಂಟಿಬಾಡಿಯಿಂದ ಪತ್ತೆ ಮಾಡುವ ವಿಧಾನ ಇದು. ಎರಡು ದಿನ ಹಿಡಿಯುತ್ತದೆ. ಸ್ಯಾಂಪಲ್ ಐಸ್ ಮೇಲೆ ಅರ್ಧ ಗಂಟೆ. ಪ್ರತಿ ಲೇನ್‌ಗೆ (ಸಾಲಿಗೆ) 20ರಿಂದ 30 ಮೈಕ್ರೋಗ್ರಾಂ ಪ್ರೋಟೀನ್ ಬರುವಂತೆ ಲೆಕ್ಕ ಹಾಕಿ, 95 ಡಿಗ್ರಿಯಲ್ಲಿ 5 ನಿಮಿಷ ಬಿಸಿ ಮಾಡಿ, ಜೆಲ್ ಎಂಬ ಮೆತ್ತನೆಯ ಹಾಳೆಗೆ ಹಾಕಿ ವಿದ್ಯುತ್ ಹರಿಸುತ್ತೇವೆ. ಮೊದಲು 80 ವೋಲ್ಟ್, ಆಮೇಲೆ 120. ಸ್ಯಾಂಪಲ್‌ಗೆ ಬೆರೆಸಿದ ಬಣ್ಣದ ನೀಲಿ ಗೆರೆ ಕೆಳಗಿಳಿಯಲು ಒಂದೂವರೆ ಗಂಟೆ ಬೇಕು. ಅಲ್ಲಿಂದ ಮೆಂಬ್ರೇನ್ ಎಂಬ ತೆಳು ಹಾಳೆಗೆ ವರ್ಗಾಯಿಸಲು 100 ವೋಲ್ಟ್‌ನಲ್ಲಿ ಒಂದು ಗಂಟೆ. ಕೆನೆ ತೆಗೆದ ಹಾಲಿನಪುಡಿಯ 5% ದ್ರಾವಣದಲ್ಲಿ ಒಂದು ಗಂಟೆ ನೆನೆಸಿ, ಮೊದಲ ಆಂಟಿಬಾಡಿ ಹಾಕಿ, ರಾತ್ರಿಯಿಡೀ 4 ಡಿಗ್ರಿಯ ಕೋಲ್ಡ್ ರೂಮ್‌ನಲ್ಲಿ ಅಲುಗಾಡಿಸುತ್ತಾ ಬಿಡುವುದು. ಮರುದಿನ ತೊಳೆದು, ಮೊದಲನೆಯದಕ್ಕೆ ಅಂಟುವ ಎರಡನೇ ಆಂಟಿಬಾಡಿ ಒಂದು ಗಂಟೆ, ಮತ್ತೆ ತೊಳೆದು, ಆಮೇಲೆ ಫೋಟೋ.

ವರ್ಗಾಯಿಸುವ ಹಂತ ನೋಡಿ. ಜೆಲ್ ಮತ್ತು ಮೆಂಬ್ರೇನನ್ನು ಸ್ಪಂಜು, ಫಿಲ್ಟರ್ ಪೇಪರ್‌ಗಳ ನಡುವೆ ಇಟ್ಟು ಒಂದು ಕ್ಯಾಸೆಟ್‌ನಲ್ಲಿ ಬಿಗಿಯುತ್ತೇವೆ. ಜೆಲ್ ಕಪ್ಪು ಬದಿಗೆ, ಮೆಂಬ್ರೇನ್ ಕೆಂಪು ಬದಿಗೆ ಇರಬೇಕು, ಏಕೆಂದರೆ ಪ್ರೋಟೀನ್ ಕಪ್ಪಿನಿಂದ ಕೆಂಪಿನ ಕಡೆಗೆ ಹರಿಯುತ್ತದೆ. ಉಲ್ಟಾ ಜೋಡಿಸಿದರೆ ಪ್ರೋಟೀನೆಲ್ಲ ಮೆಂಬ್ರೇನ್‌ಗೆ ಬರದೆ ಸುತ್ತಲಿನ ಬಫರ್ ದ್ರಾವಣಕ್ಕೆ ಹೋಗಿ ಕಳೆದುಹೋಗುತ್ತದೆ. ನಡುವೆ ಗಾಳಿಗುಳ್ಳೆ ಉಳಿದರೆ ಅಷ್ಟು ಜಾಗದಲ್ಲಿ ಬಿಳಿ ಬೊಟ್ಟು. ಒಂದು ಗಂಟೆಯ ನಂತರ ಪಾನ್ಸೊ ಎಂಬ ಕೆಂಪು ಬಣ್ಣ ಸುರಿದು ನೋಡಿದಾಗ ಗುಲಾಬಿ ಪಟ್ಟೆಗಳು ಕಾಣದಿದ್ದರೆ ಆ ದಿನದ ಕೆಲಸವೆಲ್ಲ ನೀರುಪಾಲು.

ಈಗ ದೃಶ್ಯ ಊಹಿಸಿ. ರಾತ್ರಿ ಎಂಟು ಗಂಟೆ, ಅವಳು ದಣಿದಿದ್ದಾಳೆ, ಕ್ಯಾಸೆಟ್ ಉಲ್ಟಾ ಇಟ್ಟಿದ್ದಾಳೆ. ಪಕ್ಕದ ಬೆಂಚಿನಿಂದ ಅವನಿಗೆ ಕಾಣಿಸುತ್ತದೆ. ಅವಳು ವಿದ್ಯುತ್ ಹಾಕುವ ಮೊದಲು ಹೇಳಲು ಸುಮಾರು ಹತ್ತು ಸೆಕೆಂಡು ಸಮಯವಿದೆ. ಮೊದಲ ಸಲ ಅವನು ಹೇಳುವುದಿಲ್ಲ. ಇದಕ್ಕೆ ಹಿನ್ನೆಲೆ ಸಂಗೀತವೂ ಬೇಡ, ಕ್ಯಾಮೆರಾ ಆ ಕಪ್ಪು-ಕೆಂಪು ಕ್ಯಾಸೆಟ್ ಮೇಲೆ ನಿಂತರೆ ಸಾಕು. ಪ್ರೇಕ್ಷಕರಿಗೆ ಯಾವ ಬದಿ ಎಲ್ಲಿರಬೇಕು ಎಂಬುದು ಅದಕ್ಕೂ ಮುಂಚೆ ಒಂದು ಸಲ ಗೊತ್ತಾಗಿರಬೇಕು, ಅಷ್ಟೇ. ಸೀನಿಯರ್ ಒಬ್ಬರು ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಹೇಳಿಕೊಡುವ ಚಿಕ್ಕ ದೃಶ್ಯ ಇಡಿ.

ಇಬ್ಬರ ಮಾತುಕತೆಗೂ ಈ ಕಾಯುವ ಗಂಟೆಗಳೇ ಜಾಗ. ಜೆಲ್ ಓಡುತ್ತಿರುವಾಗ ಮಾಡಲು ಬೇರೆ ಕೆಲಸವಿಲ್ಲ, ಬಿಟ್ಟು ದೂರ ಹೋಗುವಂತೆಯೂ ಇಲ್ಲ. ಕ್ಯಾಂಟೀನ್‌ಗೆ ಹೋಗಿ ಬರುವಷ್ಟು ಸಮಯವಿದೆ, ಅಷ್ಟೇ. ಮಾತು ಒಂದು ಹಂತಕ್ಕೆ ಬರುವಷ್ಟರಲ್ಲಿ ಟೈಮರ್ ಹೊಡೆದುಕೊಳ್ಳುತ್ತದೆ. ಇನ್ನೊಂದು ವಿಷಯ, ಬೆಂಗಳೂರಿನ ಲ್ಯಾಬ್‌ಗಳಲ್ಲಿ ಕೆಲಸದ ಮಾತೆಲ್ಲ ಇಂಗ್ಲಿಷ್, ಹಿಂದಿ ಮಿಶ್ರ. ಇಬ್ಬರೂ ಕನ್ನಡದವರಾದರೆ ಕೋಲ್ಡ್ ರೂಮ್‌ನಲ್ಲೋ ಚಹಾದ ಹೊತ್ತಲ್ಲೋ ಕನ್ನಡಕ್ಕೆ ಹೊರಳುತ್ತಾರೆ. ಲ್ಯಾಬ್ ಮೀಟಿಂಗ್‌ನಲ್ಲಿ ಒಬ್ಬರನ್ನೊಬ್ಬರು ಪ್ರಶ್ನಿಸುವ ಭಾಷೆ ಒಂದು, ಹೊರಗೆ ಬಂದು ‘ಬೇಜಾರಾಯ್ತಾ?’ ಎಂದು ಕೇಳುವ ಭಾಷೆ ಇನ್ನೊಂದು.

ಸಿನಿಮಾದವರು ತುಂಬಾ ಇಷ್ಟಪಡುವ ಎರಡು ದೃಶ್ಯಗಳನ್ನು ದಯವಿಟ್ಟು ಬಿಡಿ. ಒಂದು, ಕೈಗವಸು ಹಾಕಿದ ಕೈಯಲ್ಲಿ ಅವಳ ಮುಂಗುರುಳು ಸರಿಸುವುದು. ಆ ಕೈಗವಸಿನಲ್ಲಿ ಜೆಲ್‌ನ ಅಕ್ರಿಲಮೈಡ್ ಇರಬಹುದು, ಅದು ನರಗಳಿಗೆ ವಿಷ. ಗ್ಲೌಸ್ ಹಾಕಿದ ಕೈ ಮುಖದ ಹತ್ತಿರ ಹೋಗಬಾರದು ಎಂಬುದು ಮೊದಲ ವಾರ ಕಲಿಯುವ ಪಾಠ. ಇನ್ನೊಂದು, ಮೈಕ್ರೋಸ್ಕೋಪ್ ಪಕ್ಕದಲ್ಲಿ ಕಾಫಿ. ಲ್ಯಾಬ್‌ನೊಳಗೆ ತಿನ್ನುವುದು ಕುಡಿಯುವುದು ಎರಡೂ ಇಲ್ಲ.

ಇದಕ್ಕೆ ಬದಲಾಗಿ ಸೆಲ್‌ಗಳನ್ನು ಬೆಳೆಸುವ ಟಿಶ್ಯೂ ಕಲ್ಚರ್ ರೂಮ್ ಬಳಸಿಕೊಳ್ಳಿ. ಚಿಕ್ಕ ಕೋಣೆ, ಒಂದು ಗೋಡೆಗೆ ಎರಡು ಹುಡ್, ಒಂದೊಂದರ ಮುಂದೆ ಒಬ್ಬೊಬ್ಬರು. ಗಾಜಿನ ಪರದೆಯ ಕೆಳಗೆ ಕೈ ಮಾತ್ರ ಒಳಗೆ, ಮುಖ ಹೊರಗೆ. ಕಣ್ಣು ಪ್ಲೇಟ್ ಮೇಲೆಯೇ ಇರಬೇಕು, ಕೈ ತೆರೆದ ಪ್ಲೇಟ್‌ನ ಮೇಲೆ ಅಡ್ಡ ಹಾಯಬಾರದು, ಬೇಗ ಬೇಗ ಆಡಿಸಿದರೆ ಗಾಳಿಯ ಪರದೆ ಒಡೆಯುತ್ತದೆ. ಫ್ಯಾನ್ ಸದ್ದಿಗೆ ದನಿ ಏರಿಸಿ ಮಾತಾಡಬೇಕು. ಅಕ್ಕಪಕ್ಕ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಗಂಟೆಗಟ್ಟಲೆ ಮಾತಾಡುವ ಇಂಥ ಸನ್ನಿವೇಶ ನಿಮಗೆ ಬೇರೆಲ್ಲಿ ಸಿಗುತ್ತದೆ? ಮುಖ ನೋಡಿಕೊಂಡು ಹೇಳಲಾಗದ್ದನ್ನು ಅಲ್ಲಿ ಹೇಳಿಸಬಹುದು.

ಪೈಪೋಟಿ ಯಾವುದಕ್ಕೆ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ‘ಕ್ಯಾನ್ಸರ್‌ಗೆ ಮದ್ದು ಯಾರು ಮೊದಲು ಕಂಡುಹಿಡಿಯುತ್ತಾರೆ’ ಎಂದು ಬರೆದರೆ ಅಲ್ಲಿಗೇ ಕೆಟ್ಟಿತು. ಕಾನ್‌ಫೋಕಲ್ ಮೈಕ್ರೋಸ್ಕೋಪ್‌ನ ಹಗಲಿನ ಸ್ಲಾಟ್ ಯಾರಿಗೆ, ಮೈನಸ್ 80 ಫ್ರೀಜರ್‌ನಲ್ಲಿ ಜಾಗ ಯಾರಿಗೆ, ದುಬಾರಿ ಆಂಟಿಬಾಡಿಯ ಕೊನೆಯ ಹನಿ ಮುಗಿಸಿ ಹೇಳದೆ ಬಿಟ್ಟವರು ಯಾರು, ಇವು ದಿನದ ಜಗಳಗಳು. ಇವುಗಳ ಹಿಂದೆ ಹೊಟ್ಟೆಪಾಡು ಇದೆ. 2023ರ ಜನವರಿಯಿಂದ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್) ಆದಾಗ 42,000. ಸಾಮಾನ್ಯವಾಗಿ ಐದು ವರ್ಷಕ್ಕೆ ಅದು ನಿಲ್ಲುತ್ತದೆ, ಪ್ರಯೋಗ ನಿಂತಿರುವುದಿಲ್ಲ. ನಾಲ್ಕೂವರೆ ವರ್ಷ ಕಳೆದೂ ಸಂಶೋಧನಾ ಪೇಪರ್ ಪ್ರಕಟವಾಗದ ಪಾತ್ರದ ಒರಟುತನವನ್ನು ವಿವರಿಸುವ ಅಗತ್ಯವೇ ಇಲ್ಲ.

ದೊಡ್ಡ ಜಗಳ ಹೆಸರಿನ ಜಾಗದ್ದು. ಪೇಪರ್‌ನಲ್ಲಿ ಮೊದಲ ಹೆಸರು ಕೆಲಸ ಮಾಡಿದವರದ್ದು, ಕೊನೆಯದು ಗೈಡ್‌ದು. ಇಬ್ಬರೂ ಸಮಪಾಲು ದುಡಿದಿದ್ದರೆ ನಕ್ಷತ್ರ ಹಾಕಿ ‘ಸಮಾನ ಕೊಡುಗೆ’ ಎಂದು ಅಡಿಟಿಪ್ಪಣಿ ಕೊಡುತ್ತಾರೆ. ಆದರೂ ಯಾರಾದರೊಬ್ಬರ ಹೆಸರು ಮೊದಲು ಬರಲೇಬೇಕಲ್ಲ, ಉಲ್ಲೇಖಿಸುವವರು ಆ ಹೆಸರನ್ನೇ ಹೇಳುತ್ತಾರೆ. ಪ್ರೀತಿಸುವ ಇಬ್ಬರ ನಡುವೆ ಈ ಪ್ರಶ್ನೆ ಬಂದಾಗ ಏನಾಗುತ್ತದೆ ಎಂಬುದೇ ನಿಮ್ಮ ಕ್ಲೈಮ್ಯಾಕ್ಸ್ ಆಗಬಹುದು. ಹೊರಗಿನ ಲ್ಯಾಬ್ ಅದೇ ಕೆಲಸವನ್ನು ಮೊದಲು ಪ್ರಕಟಿಸಿಬಿಡುವ ‘ಸ್ಕೂಪ್’ ಕೂಡ ಇದೆ. ಬೆಳಗ್ಗೆ ಫೋನ್‌ನಲ್ಲಿ ಒಂದು ಪೇಪರ್‌ನ ಶೀರ್ಷಿಕೆ ಕಾಣುವುದು, ಅಷ್ಟೇ. ಆದರೆ ಅದರಿಂದ ಎಲ್ಲವೂ ಮುಗಿಯಿತು ಎಂದು ತೋರಿಸಬೇಡಿ. ಪಿಎಲ್‌ಒಎಸ್ ಬಯಾಲಜಿಯಂಥ ಸಂಶೋಧನಾ ಪತ್ರಿಕೆ 2018ರಿಂದ, ಮೊದಲ ಪೇಪರ್ ಬಂದ ಆರು ತಿಂಗಳೊಳಗೆ ಕಳಿಸಿದ ಎರಡನೆಯದನ್ನು ಹೊಸತನ ಇಲ್ಲವೆಂದು ತಳ್ಳುವುದಿಲ್ಲ.

ಹೆಸರು ಮತ್ತು ಪ್ರೀತಿಯ ವಿಚಾರದಲ್ಲಿ ರೇಡಿಯಂ ಕಂಡುಹಿಡಿದ ಮೇರಿ ಮತ್ತು ಪಿಯರ್ ಕ್ಯೂರಿ ದಂಪತಿಯ ಬಗ್ಗೆ ಓದಿ. 1943ರ ಹಾಲಿವುಡ್ ಚಿತ್ರ ‘ಮೇಡಮ್ ಕ್ಯೂರಿ’ಯಲ್ಲಿ ಕತ್ತಲಲ್ಲಿ ಬಟ್ಟಲಿನ ತಳ ಹೊಳೆಯುವ ದೃಶ್ಯ ಎಲ್ಲರಿಗೂ ನೆನಪಿರುತ್ತದೆ. ರೇಡಿಯಂ ಇದೆ ಎಂದು ಅವರು ಸಾರಿದ್ದು 1898ರಲ್ಲಿ, ಗ್ರಾಂನ ಹತ್ತನೇ ಒಂದು ಭಾಗ ಶುದ್ಧ ರೇಡಿಯಂ ಕ್ಲೋರೈಡ್ ಕೈಗೆ ಬಂದದ್ದು 1902ರಲ್ಲಿ. ನನಗೆ ಆ ಹೊಳಪಿಗಿಂತ ಮನಸ್ಸಿಗೆ ತಟ್ಟುವುದು ಅವರ ಲ್ಯಾಬ್ ನೋಟ್‌ಬುಕ್. ಅದರಲ್ಲಿ ಇಬ್ಬರ ಕೈಬರಹವೂ ಬೆರೆತಿದೆ. 1903ರ ನೊಬೆಲ್‌ಗೆ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಸದಸ್ಯರ ಶಿಫಾರಸಿನಲ್ಲಿ, ವಿಕಿರಣಶೀಲತೆಯನ್ನು ಮೊದಲು ಕಂಡ ಬೆಕೆರೆಲ್ ಮತ್ತು ಪಿಯರ್ ಹೆಸರಷ್ಟೇ ಇತ್ತು. ಸ್ವೀಡನ್ನಿನ ಗಣಿತಜ್ಞ ಮಿತ್ತಾಗ್-ಲೆಫ್ಲರ್ ಈ ವಿಷಯ ತಿಳಿಸಿದಾಗ, ಮೇರಿಯನ್ನೂ ಪರಿಗಣಿಸಬೇಕೆಂದು ಪಿಯರ್ ಪತ್ರ ಬರೆದರು. ಲ್ಯಾಬ್‌ನಲ್ಲಿ ಪ್ರೀತಿ ಎಂದರೆ ಹೀಗಿರುತ್ತದೆ ಎಂದು ನಾನು ನಂಬುತ್ತೇನೆ.

ಹಾಗೆ ಬರೆಯುವವರಿಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಡಿಎನ್‌ಎ ಅಧ್ಯಯನ ಮಾಡುತ್ತಿದ್ದ ವಿಜ್ಞಾನಿ ರೊಸಾಲಿಂಡ್ ಫ್ರಾಂಕ್ಲಿನ್ ಇದ್ದಾರೆ. ಅವರ ಕೈಕೆಳಗೆ ವಿದ್ಯಾರ್ಥಿ ಗಾಸ್ಲಿಂಗ್ 1952ರಲ್ಲಿ ತೆಗೆದ ಡಿಎನ್‌ಎ ಎಕ್ಸ್‌ರೇ ಚಿತ್ರವನ್ನು, 1953ರ ಜನವರಿಯಲ್ಲಿ ಸಹೋದ್ಯೋಗಿ ವಿಲ್ಕಿನ್ಸ್, ಫ್ರಾಂಕ್ಲಿನ್‌ಗೆ ತಿಳಿಸದೆಯೇ, ಡಿಎನ್‌ಎ ರಚನೆಯನ್ನು ಹುಡುಕುತ್ತಿದ್ದ ವಾಟ್ಸನ್‌ಗೆ ತೋರಿಸಿದರು. ಬೆಂಗಳೂರಿನ ಕಥೆ ಬರೆಯುವವರು ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿಯವರನ್ನು ಮರೆಯಬಾರದು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್, ಕಮಲಾ ಅವರನ್ನು ಹೆಣ್ಣೆಂಬ ಕಾರಣಕ್ಕೆ ಮೊದಲು ನಿರಾಕರಿಸಿ, ಆಮೇಲೆ ಒಂದು ವರ್ಷದ ಪರೀಕ್ಷಾ ಅವಧಿಯ ಷರತ್ತಿನ ಮೇಲೆ ಸೇರಿಸಿಕೊಂಡರು. ಗಂಡಸರ ಗಮನ ಕೆಡಿಸಬಾರದು ಎಂಬುದೂ ಷರತ್ತಿನಲ್ಲಿತ್ತು. ಕಮಲಾ ಮುಂದೆ ಕೇಂಬ್ರಿಜ್‌ನಲ್ಲಿ ಸಸ್ಯಗಳಲ್ಲಿ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಇರುವುದನ್ನು ತೋರಿಸಿ 1939ರಲ್ಲಿ ಡಾಕ್ಟರೇಟ್ ಪಡೆದರು. ಲ್ಯಾಬ್ ಪ್ರೇಮಕಥೆಯಲ್ಲಿ ಹೆಣ್ಣನ್ನು ‘ಗಮನ ಸೆಳೆಯುವವಳು’ ಆಗಿಸುವ ಮುನ್ನ ಆ ಷರತ್ತು ನೆನಪಿರಲಿ. ಹಾಗೆಯೇ ಗೈಡ್ ಮತ್ತು ವಿದ್ಯಾರ್ಥಿನಿಯ ನಡುವೆ ಪ್ರೇಮ ಬರೆಯಬೇಡಿ. ಫೆಲೋಶಿಪ್ ಫಾರ್ಮ್‌ನಿಂದ ಹಿಡಿದು ಥೀಸಿಸ್‌ವರೆಗೆ ಸಹಿ ಹಾಕಬೇಕಾದವರು ಅವರು, ಇಲ್ಲ ಎನ್ನಲಾಗದ ಕಡೆ ಒಪ್ಪಿಗೆಗೆ ಅರ್ಥವಿಲ್ಲ.

ಕೊನೆಗೆ ಚಿತ್ರೀಕರಣದ ಮಾತು. ನಿಜವಾದ ಟಿಶ್ಯೂ ಕಲ್ಚರ್ ರೂಮ್‌ಗೆ ಕ್ಯಾಮೆರಾ ತಂಡವನ್ನು ಬಿಡುವುದು ಕಷ್ಟ, ಬಿಡಬಾರದು ಕೂಡ. ಬಯೋಟೆಕ್ ವಿಭಾಗವಿರುವ ಯಾವುದಾದರೂ ಡಿಗ್ರಿ ಕಾಲೇಜನ್ನು ಪರೀಕ್ಷೆ ಮುಗಿದ ಮೇಲೆ ಕೇಳಿ. ಮೀಡಿಯಾದ ಬಣ್ಣ ನಿಮ್ಮ ಕಥೆಯ ಬಹುಪಾಲನ್ನು ತಾನೇ ಹೇಳುತ್ತದೆ: ಕೆಂಪಾಗಿದ್ದರೆ ಆರೋಗ್ಯ, ಹಳದಿಯಾದರೆ ಹುಳಿ, ಹಳದಿಯ ಜೊತೆಗೆ ಮಸುಕಾದರೆ ಬ್ಯಾಕ್ಟೀರಿಯಾ, ನೇರಳೆಗೆ ತಿರುಗಿದ ಗುಲಾಬಿಯಾದರೆ ಪ್ಲೇಟ್‌ಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್‌ನ ಕಾರ್ಬನ್ ಡೈ ಆಕ್ಸೈಡ್ ಗ್ಯಾಸ್ ಖಾಲಿ. ಇದೆಲ್ಲ ಫೀನಾಲ್ ರೆಡ್ ಎಂಬ ಸೂಚಕದ ಕೆಲಸ, ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಸಿಗುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಲೀಟರಿಗೆ 15 ಮಿಲಿಗ್ರಾಂ ಹಾಕಿ, ಚಿಟಿಕೆ ಅಡುಗೆ ಸೋಡಾ ಬೆರೆಸಿದರೆ ಗುಲಾಬಿಯಾಗುತ್ತದೆ. ವಿನೆಗರ್ ಹನಿ ಹನಿಯಾಗಿ ಬಿಟ್ಟು ಕೆಂಪಿಗೆ ತಂದು ನಿಲ್ಲಿಸಿ, ಗುಳ್ಳೆ ಇಳಿಯಲು ಹತ್ತು ನಿಮಿಷ ಬಿಡಿ. ಬೋರ್‌ವೆಲ್ ನೀರು ಬಳಸಬೇಡಿ, ಅದರಲ್ಲಿನ ಕ್ಷಾರದಿಂದ ಬಣ್ಣ ಪದೇ ಪದೇ ಗುಲಾಬಿಗೆ ಜಾರುತ್ತದೆ. ಕೆಂಪು ಪ್ಲೇಟ್‌ನ ದೃಶ್ಯಗಳನ್ನು ಮೊದಲು ಮುಗಿಸಿಕೊಂಡು, ಸೆಲ್ ಸತ್ತ ದೃಶ್ಯಕ್ಕೆ ಅದೇ ದ್ರಾವಣಕ್ಕೆ ಇನ್ನಷ್ಟು ವಿನೆಗರ್, ಒಂದೆರಡು ಹನಿ ಹಾಲು ಹಾಕಿ. ಪ್ಲೇಟ್‌ನ ಮುಚ್ಚಳದ ಮೇಲೆ ಸೆಲ್ ಹೆಸರು, ತಾರೀಕು, ಪಾತ್ರದ ಇನಿಷಿಯಲ್ ಮೂರನ್ನೂ ಮಾರ್ಕರ್‌ನಲ್ಲಿ ಬರೆದಿರಬೇಕು. ಬರೆಯದ ಪ್ಲೇಟ್ ಕಂಡರೆ ಲ್ಯಾಬ್‌ನವರ ಕಣ್ಣು ಬೇರೇನನ್ನೂ ನೋಡುವುದಿಲ್ಲ.